ಕಡಲಿನ ಬೀಜಧಾನ್ಯ: ಐಸ್‌ಲೆಂಡಿನ ಮೀನುಗಾರಿಕೆ ಬಿದ್ದು ಎದ್ದ ಕಥೆ

ಒಕ್ಕಲಿಗನ ಮನೆಯಲ್ಲಿ ಎಂತಹ ಬರಗಾಲ ಬಂದರೂ ಮುಟ್ಟದೆ ಇಡುವ ವಸ್ತುವೊಂದುಂಟು. ಅದು ಬಿತ್ತನೆಯ ಬೀಜ. ಮಕ್ಕಳು ಅರೆಹೊಟ್ಟೆಯಲ್ಲಿ ಮಲಗಿದರೂ ತಾಯಿಯಾದವಳು ಆ ಗಡಿಗೆಯ ಬಾಯಿ ಬಿಚ್ಚಳು. ಬಿಚ್ಚಿದರೆ ಮುಂದಿನ ವರ್ಷ ಉಣ್ಣುವುದಕ್ಕೇ ಇಲ್ಲವೆಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಡಲಿನಲ್ಲಿ ಬೆಳೆ ತೆಗೆಯುವವರಿಗೆ ಈ ವಿವೇಕ ಅಷ್ಟು ಸುಲಭವಾಗಿ ಬಂದುದಲ್ಲ. ಕಡಲಿಗೆ ಬದುವಿಲ್ಲ, ಬೇಲಿಯಿಲ್ಲ. ಅಲ್ಲಿ ಬೀಜ ಯಾವುದು, ಊಟದ ಕಾಳು ಯಾವುದು ಎಂಬುದು ಕಣ್ಣಿಗೆ ಕಾಣುವುದಿಲ್ಲ. ನಾವು ಬಿಟ್ಟ ಮೀನನ್ನು ಇನ್ನೊಬ್ಬನು ಹಿಡಿಯುವನೆಂಬ ಶಂಕೆಯು ಪ್ರತಿಯೊಬ್ಬನಿಗೂ ಇರುವುದು. ಈ ಕಾರಣದಿಂದ ಲೋಕದ ಅನೇಕ ಕರಾವಳಿಗಳಲ್ಲಿ ಜನರು ತಮ್ಮ ಬೀಜಧಾನ್ಯವನ್ನೇ ಅಟ್ಟು ಉಂಡು ಬರಿಗೈಯಾದರು. ಹಾಗೆ ಬರಿಗೈಯಾಗಿ, ಬಹುಕಾಲ ಕಷ್ಟಪಟ್ಟು, ಮತ್ತೆ ಕೈ ತುಂಬಿಕೊಂಡ ಒಂದು ಸಣ್ಣ ರಾಷ್ಟ್ರದ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಬಯಸುತ್ತೇವೆ.

ಆ ರಾಷ್ಟ್ರದ ಹೆಸರು ಐಸ್‌ಲೆಂಡ್. ಯೂರೋಪು ಖಂಡದ ವಾಯವ್ಯಕ್ಕೆ, ಉತ್ತರ ಅಟ್ಲಾಂಟಿಕ್ ಮಹಾಸಾಗರದಲ್ಲಿ, ಧ್ರುವವೃತ್ತಕ್ಕೆ ತಲೆ ತಾಗಿಸಿಕೊಂಡಿರುವ ದ್ವೀಪವಿದು. ವಿಸ್ತಾರ ಸುಮಾರು ೧ ಲಕ್ಷ ೩ ಸಾವಿರ ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆಯಾದರೋ ೪ ಲಕ್ಷಕ್ಕೂ ಒಳಗೆ. ನೆಲದ ಹತ್ತನೆಯ ಒಂದು ಪಾಲನ್ನು ಹಿಮದ ಗಡ್ಡೆಗಳು ಮುಚ್ಚಿಕೊಂಡಿವೆ; ಉಳಿದುದರಲ್ಲಿ ಬಹುಭಾಗ ಅಗ್ನಿಪರ್ವತಗಳು ಕಾರಿದ ಕರಿಯ ಕಲ್ಲು. ಕುರಿ ಮೇಯಿಸುವುದಕ್ಕೆ ಹುಲ್ಲುಂಟು. ಹೊಟ್ಟೆ ತುಂಬ ಉಣ್ಣುವಷ್ಟು ಧಾನ್ಯ ಬೆಳೆಯುವ ಭೂಮಿಯಿಲ್ಲ. ಭೂಮಿತಾಯಿ ಕೊಡದೆ ಇದ್ದುದನ್ನು ಸಮುದ್ರರಾಜನು ಧಾರಾಳವಾಗಿ ಕೊಟ್ಟನು. ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹವೂ ಉತ್ತರದಿಂದ ಇಳಿಯುವ ಹಿಮದ ಪ್ರವಾಹವೂ ಆ ದ್ವೀಪದ ಸುತ್ತ ಕೂಡುವುದರಿಂದ, ಅಲ್ಲಿಯ ನೀರಿನಲ್ಲಿ ಮೀನಿಗೆ ಬೇಕಾದ ಆಹಾರವು ಹೇರಳವಾಗಿ ಬೆಳೆಯುವುದು.

ಅಲ್ಲಿಯ ಮೀನುಗಳಲ್ಲಿ ಮುಖ್ಯವಾದದ್ದು ಕಾಡ್ ಎಂಬ ಮೀನು. ಈ ಹೆಸರು ನಮ್ಮ ಮನೆಗಳಿಗೆ ತೀರ ಹೊಸದಲ್ಲ. ಸೊರಗಿದ ಮಕ್ಕಳಿಗೆ ಮೂಗು ಹಿಡಿದು ಕುಡಿಸುವ ಮೀನೆಣ್ಣೆಯು ಈ ಕಾಡ್ ಮೀನಿನ ಪಿತ್ತಕೋಶದ ನೆರೆಯಲ್ಲಿರುವ ಯಕೃತ್ತಿನಿಂದ ತೆಗೆದದ್ದು. ಐಸ್‌ಲೆಂಡಿನವರು ಶತಮಾನಗಳ ಕಾಲ ಈ ಮೀನನ್ನು ಸೀಳಿ, ಮರದ ಅಡ್ಡೆಗಳ ಮೇಲೆ ತೂಗಹಾಕಿ ಒಣಗಿಸುತ್ತಿದ್ದರು. ನಮ್ಮ ಕರಾವಳಿಯ ಒಣಮೀನಿನ ಹಾಗೆ ಉಪ್ಪೂ ಬಿಸಿಲೂ ಅದಕ್ಕೆ ಬೇಡ. ಕೊರೆಯುವ ಚಳಿಗಾಳಿಯೇ ಅದನ್ನು ಕಟ್ಟಿಗೆಯಂತೆ ಒಣಗಿಸುವುದು. ಆ ಒಣಮೀನೇ ಅವರಿಗೆ ರೊಟ್ಟಿ. ಅದೇ ಪರದೇಶಕ್ಕೆ ಮಾರುವ ಸರಕು. ೧೯೦೩ರವರೆಗೆ ದೇಶದ ಲಾಂಛನದಲ್ಲಿಯೂ ಕಿರೀಟ ತೊಟ್ಟ ಒಣಮೀನಿನ ಚಿತ್ರವಿತ್ತು. ಇಂದಿಗೂ ಅವರ ಒಂದು ಕ್ರೋನಾ ನಾಣ್ಯದ ಮೇಲೆ ಕಾಡ್ ಮೀನೇ ಇರುವುದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆ ದೇಶದಿಂದ ಹೊರಕ್ಕೆ ಹೋಗುತ್ತಿದ್ದ ಸರಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಮೀನೇ ಆಗಿತ್ತೆಂದರೆ, ಮೀನು ಕೆಟ್ಟರೆ ದೇಶವೇ ಕೆಟ್ಟಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಯಿ ಮತ್ತು ಹುಟ್ಟುಗಳ ದೋಣಿಯಿದ್ದ ಕಾಲದಲ್ಲಿ ಮೀನಿಗಿಂತ ಮನುಷ್ಯನಿಗೇ ಅಪಾಯ ಹೆಚ್ಚು. ಬಿರುಗಾಳಿ ಎದ್ದ ದಿನ ಒಂದೊಂದು ಹಳ್ಳಿಯಲ್ಲಿ ಅನೇಕ ಹೆಂಗಸರು ಒಟ್ಟಿಗೆ ವಿಧವೆಯರಾಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಲೆಕ್ಕವು ತಲೆಕೆಳಗಾಯಿತು. ಬ್ರಿಟನ್ನಿನಿಂದ ಆವಿಯಂತ್ರದ ಟ್ರಾಲರುಗಳು ಬಂದುವು. ಟ್ರಾಲರೆಂದರೆ, ಬಾಯಿ ತೆರೆದ ದೊಡ್ಡ ಚೀಲದಂತಹ ಬಲೆಯನ್ನು ಕಡಲ ತಳದ ಮೇಲೆ ಎಳೆದುಕೊಂಡು ಹೋಗುವ ಹಡಗು. ಅದರ ದಾರಿಯಲ್ಲಿ ಸಿಕ್ಕಿದ ದೊಡ್ಡದೂ ಮರಿಯೂ ಒಂದೇ ಸಮನಾಗಿ ಚೀಲದ ಪಾಲಾಗುವುದು. ಆಗ ಐಸ್‌ಲೆಂಡ್ ಡೆನ್ಮಾರ್ಕಿನ ಅಧೀನದಲ್ಲಿತ್ತು. ೧೯೦೧ರಲ್ಲಿ ಡೆನ್ಮಾರ್ಕ್ ಬ್ರಿಟನ್ನುಗಳು ಮಾಡಿಕೊಂಡ ಒಪ್ಪಂದವು ದ್ವೀಪದವರಿಗೆ ಮಾತ್ರ ಮೀಸಲಾದ ನೀರನ್ನು ದಡದಿಂದ ೩ ನಾಟಿಕಲ್ ಮೈಲಿಗೆ ನಿಲ್ಲಿಸಿತು. ಒಂದು ನಾಟಿಕಲ್ ಮೈಲಿಯೆಂದರೆ ಸುಮಾರು ೧.೮೫ ಕಿಲೋಮೀಟರು. ಐವತ್ತು ವರ್ಷಗಳ ಅವಧಿಯ ಈ ಒಪ್ಪಂದದಿಂದಾಗಿ, ಪರರ ಹಡಗುಗಳು ತಮ್ಮ ಅಂಗಳದಲ್ಲಿಯೇ ಎಂಬಂತೆ ಬಲೆಯೆಳೆಯುವುದನ್ನು ದಡದಲ್ಲಿ ನಿಂತು ನೋಡುವುದೇ ಅವರ ಪಾಲಿಗೆ ಬಂತು. ತರುವಾಯ ಅವರೂ ಟ್ರಾಲರುಗಳನ್ನು ಕೊಂಡು ಬಳಸಲಾರಂಭಿಸಿದರೆಂಬುದನ್ನೂ ಇಲ್ಲಿ ಹೇಳಲೇಬೇಕು.

ಎರಡು ಮಹಾಯುದ್ಧಗಳ ಕಾಲದಲ್ಲಿ ಒಂದು ಸಂಗತಿಯು ಅವರ ಗಮನಕ್ಕೆ ಬಂದಿತು. ಯುದ್ಧದ ನಿಮಿತ್ತ ಪರದೇಶದ ಹಡಗುಗಳು ಬರುವುದು ಕಡಿಮೆಯಾದಾಗ, ಕೆಲವೇ ವರ್ಷಗಳಲ್ಲಿ ಮೀನು ಹೆಚ್ಚಿತು, ದಪ್ಪವೂ ಆಯಿತು. ಕಡಲಿಗೆ ವಿಶ್ರಾಂತಿ ಕೊಟ್ಟರೆ ಅದು ಮರಳಿ ಕೊಡುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ೧೯೪೪ರ ಜೂನ್ ೧೭ರಂದು ಐಸ್‌ಲೆಂಡ್ ಸ್ವತಂತ್ರ ಗಣರಾಜ್ಯವಾಯಿತು. ನಾಲ್ಕೇ ವರ್ಷಗಳಲ್ಲಿ, ೧೯೪೮ರಲ್ಲಿ, ತನ್ನ ಕರಾವಳಿಯ ಮುಂದಣ ಕಡಲತಳದ ಮೀನನ್ನು ಶಾಸ್ತ್ರೀಯವಾಗಿ ರಕ್ಷಿಸುವ ಕಾಯಿದೆಯನ್ನು ಮಾಡಿತು. ಹಳೆಯ ಒಪ್ಪಂದದ ಅವಧಿ ಮುಗಿದ ಮೇಲೆ, ೧೯೫೨ರಲ್ಲಿ, ಗಡಿಯನ್ನು ೪ ಮೈಲಿಗೆ ಸರಿಸಿತು. ಇದರಿಂದ ಮುನಿದ ಬ್ರಿಟನ್ನಿನ ಹಡಗಿನೊಡೆಯರು ತಮ್ಮ ರೇವುಗಳಲ್ಲಿ ಐಸ್‌ಲೆಂಡಿನ ಮೀನನ್ನು ಇಳಿಸಗೊಡಲಿಲ್ಲ. ದ್ವೀಪದವರು ಎದೆಗುಂದದೆ ಸೋವಿಯತ್ ರಷ್ಯ ಮತ್ತು ಅಮೆರಿಕಗಳಲ್ಲಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡರು. ೧೯೫೮ರಲ್ಲಿ ಗಡಿಯು ೧೨ ಮೈಲಿಯಾಯಿತು. ಆಗ ಬ್ರಿಟನ್ ತನ್ನ ಮೀನುಹಡಗುಗಳ ಕಾವಲಿಗೆ ಯುದ್ಧನೌಕೆಗಳನ್ನೇ ಕಳುಹಿಸಿತು. ಸೈನ್ಯವೆಂಬುದೇ ಇಲ್ಲದ ಐಸ್‌ಲೆಂಡಿನ ಬಳಿ ಇದ್ದವು ಕೆಲವು ಕರಾವಳಿ ಕಾವಲು ಹಡಗುಗಳು ಮಾತ್ರ. ಆದರೂ ೧೯೬೧ರಲ್ಲಿ ಬ್ರಿಟನ್ ಹನ್ನೆರಡು ಮೈಲಿಯನ್ನು ಒಪ್ಪಿಕೊಂಡಿತು. ಮೀನಿಗಾಗಿ ನಡೆದ ಈ ಜಗಳಗಳ ಸಾಲಿಗೆ ಪತ್ರಿಕೆಯವರು ಕಾಡ್ ಯುದ್ಧಗಳೆಂದು ಹೆಸರಿಟ್ಟರು.

ಕಾಡ್ ಮೀನಿಗಾಗಿ ಹೀಗೆ ಹೊರಗಿನವರೊಡನೆ ಸೆಣಸುತ್ತಿದ್ದ ಕಾಲದಲ್ಲಿಯೇ, ಇನ್ನೊಂದು ಮೀನಿನ ವಿಷಯದಲ್ಲಿ ಮನೆಯೊಳಗಿನ ಅನಾಹುತವೊಂದು ಸಿದ್ಧವಾಗುತ್ತಿತ್ತು. ಅದು ಹೆರಿಂಗ್ ಮೀನು. ನಮ್ಮ ಕರಾವಳಿಯ ಬೂತಾಯಿ ಮೀನು ಈ ಹೆರಿಂಗಿನ ಕುಲಕ್ಕೇ ಸೇರಿದ್ದು. ಅದರಂತೆಯೇ ಬೆಳ್ಳಿಯ ಮೈ, ಎಣ್ಣೆಯ ಅಂಶ, ಲಕ್ಷಗಟ್ಟಲೆಯಾಗಿ ಗುಂಪು ಕಟ್ಟಿ ಸಂಚರಿಸುವ ಸ್ವಭಾವ. ಬೇಸಗೆಯಲ್ಲಿ ಈ ಗುಂಪುಗಳು ನಾರ್ವೆಯ ದಡದಿಂದ ಹೊರಟು ಐಸ್‌ಲೆಂಡಿನ ಉತ್ತರಕ್ಕೆ ಮೇಯಲು ಬರುತ್ತಿದ್ದವು. ಉತ್ತರ ತೀರದ ಸಿಗ್ಲುಫ್ಯೋರ್ದುರ್ ಎಂಬ ಹಳ್ಳಿಗೆ ೧೯೦೩ರಲ್ಲಿ ನಾರ್ವೆಯವರು ಹೆರಿಂಗ್ ಹಿಡಿಯಲು ಬಂದುದೇ ಮೊದಲು, ಅದು ನಾಲ್ಕು ದಶಕಗಳಲ್ಲಿ ಮೂರು ಸಾವಿರ ಜನರ ಪಟ್ಟಣವಾಯಿತು. ಇಪ್ಪತ್ತಕ್ಕೂ ಹೆಚ್ಚು ಉಪ್ಪುಹಾಕುವ ಕಟ್ಟೆಗಳು, ಎಣ್ಣೆ ಮತ್ತು ಮೀನುಹಿಟ್ಟು ತೆಗೆಯುವ ಕಾರ್ಖಾನೆಗಳು ಅಲ್ಲಿ ತಲೆಯೆತ್ತಿದವು.

ಈ ಐಶ್ವರ್ಯದ ಬಹುಭಾಗವು ಹೆಂಗಸರ ಕೈಯಿಂದ ಹುಟ್ಟಿದ್ದೆಂಬುದನ್ನು ನಮ್ಮ ಸೋದರಿಯರು ಗಮನಿಸಬೇಕು. ಬೇಸಗೆ ಬಂದಿತೆಂದರೆ ದೇಶದ ಮೂಲೆಮೂಲೆಗಳಿಂದ ಹುಡುಗಿಯರೂ, ಮಕ್ಕಳನ್ನು ಕಟ್ಟಿಕೊಂಡ ತಾಯಂದಿರೂ ಅಲ್ಲಿಗೆ ಬರುತ್ತಿದ್ದರು. ದೋಣಿ ಬಂದಿತೆಂದು ಕೂಗು ಕೇಳಿದೊಡನೆ, ಹಗಲಾಗಲಿ ರಾತ್ರಿಯಾಗಲಿ, ಎದ್ದು ಕಟ್ಟೆಗೆ ಓಡಬೇಕು. ಮೀನಿನ ತಲೆ ಕರುಳುಗಳನ್ನು ತೆಗೆದು, ಪೀಪಾಯಿಯಲ್ಲಿ ಒಂದು ವರಸೆ ಮೀನು ಒಂದು ವರಸೆ ಉಪ್ಪು ಎಂಬಂತೆ ಒಪ್ಪವಾಗಿ ಜೋಡಿಸಬೇಕು. ಪೀಪಾಯಿ ತುಂಬಿದಾಗಲೆಲ್ಲ ಮೇಸ್ತ್ರಿಯು ಒಂದು ಬಿಲ್ಲೆಯನ್ನು ಅವಳ ಬೂಟಿನೊಳಕ್ಕೆ ಹಾಕುವನು. ಕೊನೆಗೆ ಬಿಲ್ಲೆಗಳನ್ನೆಣಿಸಿ ಕೂಲಿ. ಬೆನ್ನು ನೋಯುವ ಕೆಲಸವೇನೋ ಅಹುದು. ಆದರೆ ತನ್ನ ಕೈಯಲ್ಲಿ ತನ್ನದೇ ದುಡ್ಡನ್ನು ಆ ದೇಶದ ಎಷ್ಟೋ ಹೆಣ್ಣುಮಕ್ಕಳು ಮೊದಲು ಕಂಡದ್ದು ಅಲ್ಲಿಯೇ.

೧೯೬೦ರ ಸುಮಾರಿಗೆ ಹೊಸ ಯಂತ್ರಗಳು ಬಂದುವು. ಶಬ್ದದ ಅಲೆಗಳನ್ನು ನೀರಿಗೆ ಬಿಟ್ಟು, ಅವು ಹಿಂದಿರುಗುವ ರೀತಿಯಿಂದ ಮೀನಿನ ಗುಂಪು ಎಲ್ಲಿದೆಯೆಂದು ತಿಳಿಸುವ ಉಪಕರಣವೊಂದು. ದೈತ್ಯಾಕಾರದ ಬಲೆಯನ್ನು ಸುಲಭವಾಗಿ ಮೇಲೆಳೆಯುವ ಯಂತ್ರದ ರಾಟೆ ಇನ್ನೊಂದು. ಹಿಂದೆ ಮೀನು ಕಡಲಿನ ಮೇಲ್ಭಾಗಕ್ಕೆ ಬಂದರೆ ಮಾತ್ರ ಸಿಕ್ಕುತ್ತಿತ್ತು. ಈಗ ಆಳದಲ್ಲಿ ಅಡಗಿದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ೧೯೬೬ರಲ್ಲಿ ಐಸ್‌ಲೆಂಡಿನವರೇ ೭ ಲಕ್ಷ ಟನ್ನಿಗೂ ಹೆಚ್ಚು ಹೆರಿಂಗ್ ಹಿಡಿದರು. ಅತ್ತ ನಾರ್ವೆಯವರು ತಮ್ಮ ದಡದಲ್ಲಿ ಮರಿಗಳನ್ನೇ ಬಳಿದು ಎಣ್ಣೆಗೆ ಹಾಕುತ್ತಿದ್ದರು, ರಷ್ಯದವರೂ ಹಿಂದುಳಿಯಲಿಲ್ಲ. ಅದೇ ಸಮಯಕ್ಕೆ ಉತ್ತರದ ನೀರು ಇನ್ನಷ್ಟು ತಣ್ಣಗಾಗಿ ಮೀನಿನ ದಾರಿಯೂ ಬದಲಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, ೧೯೬೯ರಲ್ಲಿ, ಹಿಂದಿನ ಹಿಡಿತದ ಹತ್ತನೆಯ ಒಂದು ಪಾಲೂ ಸಿಕ್ಕಲಿಲ್ಲ. ಒಂದು ಕಾಲಕ್ಕೆ ಕೋಟಿ ಟನ್ನನ್ನು ಮೀರಿದ್ದ ಮೊಟ್ಟೆಯಿಡುವ ಹೆರಿಂಗಿನ ಸಂತತಿಯು ೧೯೭೦ರ ಹೊತ್ತಿಗೆ ಕೆಲವೇ ಸಾವಿರ ಟನ್ನುಗಳಿಗೆ ಇಳಿಯಿತು. ಲೋಕದ ಅತಿ ದೊಡ್ಡ ಮೀನಿನ ಹಿಂಡುಗಳಲ್ಲೊಂದು ಹೀಗೆ ಒಂದು ತಲೆಮಾರಿನ ಕಣ್ಣೆದುರಿನಲ್ಲೇ ಇಲ್ಲವಾಯಿತು.

ಅದರ ಫಲವು ಪ್ರತಿ ಮನೆಯ ಒಲೆಗೂ ತಟ್ಟಿತು. ೧೯೬೭ರಲ್ಲಿ ಒಮ್ಮೆ, ೧೯೬೮ರಲ್ಲಿ ಮತ್ತೊಮ್ಮೆ ಸರಕಾರವು ತನ್ನ ನಾಣ್ಯದ ಬೆಲೆಯನ್ನು ಇಳಿಸಬೇಕಾಯಿತು. ಹೊರದೇಶದ ಗೋಧಿಯನ್ನು ಕೊಂಡುಣ್ಣುವ ದೇಶದಲ್ಲಿ ನಾಣ್ಯ ಇಳಿಯಿತೆಂದರೆ ರೊಟ್ಟಿಯ ಬೆಲೆ ಏರಿತೆಂದೇ ಅರ್ಥ. ಕೆಲಸವಿಲ್ಲದ ತರುಣರು ಸಂಸಾರ ಸಮೇತರಾಗಿ ಸ್ವೀಡನ್ನಿಗೂ ದೂರದ ಆಸ್ಟ್ರೇಲಿಯಕ್ಕೂ ಹೊರಟುಹೋದರು. ಸಿಗ್ಲುಫ್ಯೋರ್ದುರಿನ ಕಟ್ಟೆಗಳು ಬರಿದಾದವು. ಇಂದು ಆ ಊರಿನಲ್ಲಿ ಸುಮಾರು ಸಾವಿರದ ಇನ್ನೂರು ಜನರಿದ್ದಾರೆ. ಹೆರಿಂಗಿನ ಕಾಲದ ದೋಣಿ, ಪೀಪಾಯಿ, ಹುಡುಗಿಯರ ಕೊಠಡಿಗಳನ್ನು ಒಂದು ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಹೆರಿಂಗ್ ಹೋದ ಮೇಲೆ ಉಳಿದ ಆಸರೆ ಕಾಡ್ ಒಂದೇ. ಆದುದರಿಂದ ದ್ವೀಪದವರು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ೧೯೭೨ರ ಸೆಪ್ಟೆಂಬರ್ ೧ರಿಂದ ಗಡಿಯನ್ನು ೫೦ ಮೈಲಿಯೆಂದು ಸಾರಿದರು. ಬ್ರಿಟನ್ನಿನ ಹಡಗುಗಳು ಬಂದಾಗ, ಅವುಗಳ ಹಿಂದಿನಿಂದ ಹಾದುಹೋಗಿ ಬಲೆಯ ಉಕ್ಕಿನ ಹಗ್ಗವನ್ನು ಕತ್ತರಿಸುವ ಉಪಾಯವನ್ನು ಹೂಡಿದರು. ಕತ್ತರಿಸಿದ ಬಲೆ ಮೀನುಸಮೇತ ಕಡಲ ಪಾಲು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅಂತಹ ಒಂದು ಡಿಕ್ಕಿಯಿಂದಾದ ಹಾನಿಯನ್ನು ಸರಿಪಡಿಸುತ್ತಿದ್ದಾಗ ೧೯೭೩ರಲ್ಲಿ ಐಸ್‌ಲೆಂಡಿನ ಯಂತ್ರಶಿಲ್ಪಿಯೊಬ್ಬನು ವಿದ್ಯುತ್ತಿನ ಆಘಾತದಿಂದ ಮೃತನಾದನು. ೧೯೭೫ರ ಅಕ್ಟೋಬರಿನಲ್ಲಿ ಗಡಿಯು ೨೦೦ ಮೈಲಿಯಾಯಿತು. ಕಲಹವು ಬೆಳೆದು, ೧೯೭೬ರ ಫೆಬ್ರುವರಿಯಲ್ಲಿ ಐಸ್‌ಲೆಂಡ್ ಬ್ರಿಟನ್ನಿನೊಡನೆ ರಾಯಭಾರದ ಸಂಬಂಧವನ್ನೇ ಕಡಿದುಕೊಂಡಿತು. ಅದೇ ಜೂನಿನಲ್ಲಿ ಸಂಧಿಯಾಯಿತು. ಡಿಸೆಂಬರಿನ ಹೊತ್ತಿಗೆ ಕೊನೆಯ ಬ್ರಿಟಿಷ್ ಟ್ರಾಲರು ಹಿಂದಿರುಗಿತು. ೨೦೦ ಮೈಲಿಯ ಈ ಹಕ್ಕನ್ನು ೧೯೮೨ರ ಅಂತರರಾಷ್ಟ್ರೀಯ ಸಮುದ್ರ ಒಡಂಬಡಿಕೆಯು ಕರಾವಳಿಯ ರಾಷ್ಟ್ರಗಳಿಗೆಲ್ಲ ಸಾಮಾನ್ಯವಾದ ನಿಯಮವನ್ನಾಗಿ ಮಾಡಿತು.

ಗೆದ್ದವರ ಸಂತೋಷದಲ್ಲಿ ಸೋತವರ ಮನೆಯನ್ನು ಮರೆಯಬಾರದು. ಹಲ್, ಗ್ರಿಮ್ಸ್‌ಬಿ, ಫ್ಲೀಟ್‌ವುಡ್ ಎಂಬ ಇಂಗ್ಲೆಂಡಿನ ರೇವುಗಳಲ್ಲಿ ತಲೆಮಾರುಗಳಿಂದ ದೂರದ ಕಡಲಿಗೆ ಹೋಗುತ್ತಿದ್ದ ಸಾವಿರಾರು ಸಂಸಾರಗಳು ಏಕಾಏಕಿ ಕಸುಬಿಲ್ಲದೆ ನಿಂತವು. ಅವರಿಗೆ ಪರಿಹಾರ ಕೊಡುವ ಏರ್ಪಾಡನ್ನು ಬ್ರಿಟಿಷ್ ಸರಕಾರವು ಮಾಡಿದ್ದು ೨೦೦೦ದಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ಪರರು ಹೊರಟುಹೋದರು; ಇನ್ನು ಮೀನು ತಾನಾಗಿಯೇ ಹೆಚ್ಚುವುದೆಂದು ಐಸ್‌ಲೆಂಡಿನವರು ನಂಬಿದ್ದರು. ಆದರೆ ಹಾಗಾಗಲಿಲ್ಲ. ಜಗಳವು ಕೊನೆ ಮುಟ್ಟುವ ಮೊದಲೇ, ೧೯೭೫ರಲ್ಲಿ, ಅವರದೇ ಸಮುದ್ರಸಂಶೋಧನ ಸಂಸ್ಥೆಯು ಒಂದು ವರದಿಯನ್ನು ಕೊಟ್ಟಿತ್ತು. ಕಾಡ್ ಮೀನಿಗೂ ಹೆರಿಂಗಿನ ಗತಿಯೇ ಬರುವುದೆಂದು ಅದು ಎಚ್ಚರಿಸಿತು. ಜನರು ಅದನ್ನು ಕರಿಯ ವರದಿಯೆಂದು ಕರೆದರು, ಕರೆದು ಸುಮ್ಮನಾದರು. ಪರರ ಟ್ರಾಲರು ಹೋದ ಜಾಗಕ್ಕೆ ತಮ್ಮವೇ ಹೊಸ ಟ್ರಾಲರುಗಳು ಬಂದುವು. ಪ್ರತಿಯೊಂದು ಹಳ್ಳಿಯೂ ತನಗೊಂದು ಬೇಕೆಂದಿತು. ಸರಕಾರವು ಸಾಲ ಕೊಟ್ಟಿತು. ಬಲೆಯ ಕಣ್ಣನ್ನು ೧೫೫ ಮಿಲಿಮೀಟರಿಗೆ ಹಿಗ್ಗಿಸಿ ಮರಿಗಳು ನುಸುಳಿಹೋಗುವಂತೆ ಮಾಡಿದುದು, ಮರಿ ಹೆಚ್ಚಾಗಿರುವ ಕ್ಷೇತ್ರಗಳನ್ನು ಕೂಡಲೆ ಮುಚ್ಚಿಸಿದುದು, ಇವು ಒಳ್ಳೆಯ ಕೆಲಸಗಳೇ. ಆದರೆ ಒಟ್ಟು ಹಿಡಿತಕ್ಕೆ ಕಡಿವಾಣವಿರಲಿಲ್ಲ. ಟ್ರಾಲರೊಂದು ಕಾಡ್ ಹಿಡಿಯಬಹುದಾದ ದಿನಗಳನ್ನು ೧೯೭೭ರಲ್ಲಿ ೩೨೩ಕ್ಕೆ ನಿಲ್ಲಿಸಿದರು. ೧೯೮೧ರಲ್ಲಿ ೨೧೫ಕ್ಕೆ ಇಳಿಸಿದರು. ದಿನ ಕಡಿಮೆಯಾದಷ್ಟೂ ಹಡಗು ದೊಡ್ಡದಾಯಿತು, ಯಂತ್ರ ಬಲವಾಯಿತು. ಇನ್ನೂರು ದಿನಗಳಲ್ಲಿ ಮುನ್ನೂರು ದಿನಗಳ ಮೀನನ್ನು ಬಾಚಿದರು. ೧೯೮೧ರಲ್ಲಿ ಸುಮಾರು ೪ ಲಕ್ಷ ೬೦ ಸಾವಿರ ಟನ್ನಿದ್ದ ಕಾಡ್ ಹಿಡಿತವು ಎರಡೇ ವರ್ಷಗಳಲ್ಲಿ ೩ ಲಕ್ಷದ ಮಟ್ಟಕ್ಕೆ ಕುಸಿಯಿತು. ಹಿಡಿಯುವ ಶಕ್ತಿ ಹೆಚ್ಚುತ್ತಿತ್ತು, ಸಾಲ ಹೆಚ್ಚುತ್ತಿತ್ತು; ಮೀನು ಮಾತ್ರ ಕಡಿಮೆಯಾಗುತ್ತಿತ್ತು. ಈಗ ಬೆರಳು ತೋರಿಸಲು ಹೊರಗಿನವರು ಯಾರೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ನಮ್ಮ ಗಾದೆಯಂತಾಯಿತು.

೧೯೮೪ರಲ್ಲಿ ಅವರು ಹೊಸದೊಂದು ವ್ಯವಸ್ಥೆಗೆ ಕೈಹಾಕಿದರು. ಅದರ ಬಗೆಯನ್ನು ಒಂದು ಸಂಸಾರದ ಉಪಮೆಯಿಂದ ವಿವರಿಸಬಹುದು. ಕೂಡುಕುಟುಂಬದ ಕಣಜದಿಂದ ಅಣ್ಣತಮ್ಮಂದಿರು ತಮತಮಗೆ ಬೇಕಾದಷ್ಟನ್ನು ಮುಂಚಿತವಾಗಿ ಬಾಚಿಕೊಳ್ಳಲು ಓಡಿದರೆ ಕಣಜ ಬೇಗ ಬರಿದಾಗುವುದು. ಅದಕ್ಕೆ ಬದಲಾಗಿ ಹಿರಿಯನು ಮೊದಲು ಕಣಜವನ್ನು ಅಳೆದು, ಈ ವರ್ಷ ಇಷ್ಟೇ ತೆಗೆಯತಕ್ಕದ್ದೆಂದು ಗೊತ್ತುಮಾಡಿ, ಆ ಇಷ್ಟರಲ್ಲಿ ಪ್ರತಿಯೊಬ್ಬನ ಪಾಲನ್ನು ನಿಗದಿ ಮಾಡಿದರೆ ಓಟದ ಅವಶ್ಯಕತೆಯೇ ಇರುವುದಿಲ್ಲ. ಹಾಗೆಯೇ ಐಸ್‌ಲೆಂಡಿನಲ್ಲಿ ಶಾಸ್ತ್ರಜ್ಞರು ಕಡಲಿನ ಮೀನನ್ನು ಅಂದಾಜು ಮಾಡಿ ಸಲಹೆ ಕೊಡುವರು; ಮಂತ್ರಿಯು ಒಟ್ಟು ಹಿಡಿತವನ್ನು ಗೊತ್ತುಮಾಡುವನು; ಪ್ರತಿ ಹಡಗಿಗೂ ಅದು ಹಿಂದಿನ ಮೂರು ವರ್ಷಗಳಲ್ಲಿ ಹಿಡಿದುದರ ಆಧಾರದ ಮೇಲೆ ಒಂದು ಪಾಲು ದೊರೆತಿತು. ಇದನ್ನು ಕೋಟಾ ಎನ್ನುವರು. ೧೯೯೦ರ ಕಾಯಿದೆಯು ಈ ಪಾಲನ್ನು ಮಾರಲು, ಕೊಳ್ಳಲು ಪೂರ್ಣವಾಗಿ ಅವಕಾಶ ಕೊಟ್ಟಿತು. ಹಿಡಿದ ಮೀನನ್ನು ಕಡಲಿಗೆ ಎಸೆಯುವುದು ಅಪರಾಧವಾಯಿತು. ತಂದುದೆಲ್ಲವನ್ನೂ ರೇವಿನಲ್ಲಿ ತೂಗಿ ಲೆಕ್ಕ ಬರೆಯಬೇಕಾಯಿತು.

ಅಳತೆಗೋಲು ಬಂದ ಮಾತ್ರಕ್ಕೆ ಕಣಜ ತುಂಬಲಿಲ್ಲ. ಆರಂಭದಲ್ಲಿ ಮಂತ್ರಿಗಳು ಶಾಸ್ತ್ರಜ್ಞರು ಹೇಳಿದುದಕ್ಕಿಂತ ಹೆಚ್ಚು ಹಿಡಿತಕ್ಕೆ ಅನುಮತಿ ಕೊಡುತ್ತಲೇ ಇದ್ದರು. ಕೊನೆಗೆ ೧೯೯೪–೯೫ರಲ್ಲಿ ಕಾಡ್ ಹಿಡಿತವನ್ನು ೧ ಲಕ್ಷ ೫೫ ಸಾವಿರ ಟನ್ನಿಗೆ ಇಳಿಸಬೇಕಾಯಿತು. ೧೯೯೫ರಲ್ಲಿ, ನಾಲ್ಕು ವರ್ಷ ಮೀರಿದ ಕಾಡ್ ಸಂಪತ್ತಿನಲ್ಲಿ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಹಿಡಿಯಬಾರದೆಂದು ನಿಯಮವಾಯಿತು. ಅದೂ ಹೆಚ್ಚೆಂದು ಕಂಡುಬಂದಾಗ, ೨೦೦೭ರಲ್ಲಿ, ಎದೆಗಟ್ಟಿ ಮಾಡಿ ಹಿಡಿತವನ್ನು ೧ ಲಕ್ಷ ೯೩ ಸಾವಿರದಿಂದ ೧ ಲಕ್ಷ ೩೦ ಸಾವಿರ ಟನ್ನಿಗೆ ಒಂದೇ ಸಲಕ್ಕೆ ಇಳಿಸಿದರು. ಪಾಲನ್ನು ನೂರಕ್ಕೆ ಇಪ್ಪತ್ತು ಎಂದು ಗೊತ್ತುಪಡಿಸಿದರು. ಮರುವರ್ಷವೇ ದೇಶದ ಮೂರು ದೊಡ್ಡ ಬ್ಯಾಂಕುಗಳು ಮುರಿದುಬಿದ್ದವು. ಮನೆಯಲ್ಲಿ ಅಕ್ಕಿಯಿಲ್ಲದಾಗ ಬಿತ್ತನೆಯ ಗಡಿಗೆಯ ಕಡೆಗೆ ಕೈ ಹೋಗುವುದು ಸಹಜವೇ. ೨೦೦೯ರ ಜನವರಿಯಲ್ಲಿ ಒಮ್ಮೆ ೩೦ ಸಾವಿರ ಟನ್ನು ಹೆಚ್ಚಿಗೆ ಹಿಡಿಯಲು ಬಿಟ್ಟರಾದರೂ, ಬಳಿಕ ಕಟ್ಟುಪಾಡಿಗೆ ಮರಳಿದರು. ಅದಕ್ಕೆ ಫಲ ದೊರೆಯಿತು. ಹತ್ತು ವರ್ಷಗಳೊಳಗೆ ಮೊಟ್ಟೆಯಿಡುವ ಕಾಡ್ ಮೀನು ನಾಲ್ಕು ದಶಕಗಳಲ್ಲಿ ಕಾಣದಷ್ಟು ಹೆಚ್ಚಿತು. ೨೦೧೯–೨೦ರ ಹಿಡಿತಕ್ಕೆ ೨ ಲಕ್ಷ ೭೨ ಸಾವಿರ ಟನ್ನು ಗೊತ್ತಾಯಿತು. ಆ ಬಳಿಕ ಅಂದಾಜು ಕಡಿಮೆ ಬಂದಾಗ ಹಿಡಿತವನ್ನೂ ತಗ್ಗಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿತಿದ್ದರು. ಹೆರಿಂಗ್ ಕೂಡ ಇಪ್ಪತ್ತು ವರ್ಷಗಳ ವನವಾಸದ ನಂತರ, ೧೯೮೩ರಲ್ಲಿ ಹುಟ್ಟಿದ ಮರಿಗಳ ಪುಣ್ಯದಿಂದ, ೧೯೯೦ರ ದಶಕದಲ್ಲಿ ಮರಳಿ ಬಲೆಗೆ ಬಂದಿತು.

ಹಿಡಿತ ಕಡಿಮೆಯಾದುದರಿಂದ ಇನ್ನೊಂದು ಜಾಣತನವೂ ಬೆಳೆಯಿತು. ಹೆಚ್ಚು ಮೀನು ಸಿಕ್ಕದಿದ್ದರೆ, ಸಿಕ್ಕ ಮೀನಿನಿಂದ ಹೆಚ್ಚು ಪಡೆಯಬೇಕು. ತೆಂಗಿನ ಮರದಲ್ಲಿ ಗರಿಯಿಂದ ಕರಟದವರೆಗೆ ಏನನ್ನೂ ಬಿಸಾಡದ ನಮ್ಮ ಮನೆಯಾಕೆಗೆ ಇದು ಹೊಸ ಪಾಠವಲ್ಲ. ಐಸ್‌ಲೆಂಡಿನಲ್ಲಿ ಕಾಡ್ ಮೀನಿನ ತಲೆಯನ್ನು ಭೂಗರ್ಭದ ಬಿಸಿಯಿಂದ ಒಣಗಿಸಿ ನೈಜೀರಿಯಕ್ಕೆ ಕಳುಹಿಸುವರು. ಯಕೃತ್ತಿನಿಂದ ಎಣ್ಣೆ ತೆಗೆಯುವರು. ಈಸಾಫ್ಯೋರ್ದುರ್ ಎಂಬ ವಾಯವ್ಯದ ಪಟ್ಟಣದಲ್ಲಿ ಮೀನಿನ ಚರ್ಮವನ್ನು ಸಂಸ್ಕರಿಸಿ, ಮಧುಮೇಹಿಗಳ ಮಾಯದ ಹುಣ್ಣಿಗೂ ಸುಟ್ಟ ಗಾಯಕ್ಕೂ ಹಚ್ಚುವ ಪಟ್ಟಿಯನ್ನು ಮಾಡುವ ಉದ್ಯಮ ಹುಟ್ಟಿತು. ೨೦೨೩ರಲ್ಲಿ ಅದನ್ನು ಡೆನ್ಮಾರ್ಕಿನ ಸಂಸ್ಥೆಯೊಂದು ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಕೊಂಡಿತು. ಇದಕ್ಕೂ ಮಿಗಿಲಾದ ಲಾಭವೊಂದುಂಟು. ೧೯೮೫ರಲ್ಲಿ ಬೆಸ್ತರಿಗೆ ಪ್ರಾಣರಕ್ಷಣೆಯ ಶಿಕ್ಷಣ ಕೊಡುವ ಶಾಲೆಯನ್ನು ಸ್ಥಾಪಿಸಿದರು. ಹಡಗುಗಳೂ ಸುಧಾರಿಸಿದವು, ಬಿರುಗಾಳಿಯಲ್ಲಿ ಇತರರನ್ನು ಮೀರಿಸಲು ಹೊರಡುವ ಅಗತ್ಯವೂ ತಪ್ಪಿತು. ೨೦೦೮ರಲ್ಲಿ ಮೊದಲ ಸಲ ಇಡೀ ವರ್ಷ ಐಸ್‌ಲೆಂಡಿನ ಬೆಸ್ತನೊಬ್ಬನೂ ಕಡಲಿನಲ್ಲಿ ಸಾಯಲಿಲ್ಲ. ಸಾವಿರ ವರ್ಷ ಗಂಡಂದಿರನ್ನೂ ಮಕ್ಕಳನ್ನೂ ಕಡಲಿಗೆ ಒಪ್ಪಿಸಿದ ತಾಯಂದಿರ ದೇಶದಲ್ಲಿ ಇದು ಯಾವ ಹಣದ ಲೆಕ್ಕಕ್ಕೂ ಸಿಕ್ಕುವ ಲಾಭವಲ್ಲ.

ಇಷ್ಟಾದರೂ ಈ ಕಥೆಯನ್ನು ಬರಿಯ ಜಯದ ಕಥೆಯೆಂದು ಹೇಳಲು ನಮಗೆ ಮನಸ್ಸು ಒಪ್ಪದು. ಮೀನಿನ ಸಂಪತ್ತು ರಾಷ್ಟ್ರದ ಸರ್ವಜನರ ಸೊತ್ತೆಂದು ಆ ದೇಶದ ಕಾಯಿದೆಯ ಮೊದಲನೆಯ ವಿಧಿಯೇ ಹೇಳುವುದು. ಆದರೆ ಪಾಲು ದೊರೆತದ್ದು ಅಂದು ಹಡಗಿದ್ದ ಒಡೆಯರಿಗೆ, ಅದೂ ಬೆಲೆಯಿಲ್ಲದೆ. ಹಡಗಿನಲ್ಲಿ ದುಡಿದ ಆಳಿಗಾಗಲಿ, ದಡದಲ್ಲಿ ಮೀನು ಸೀಳಿದ ಹೆಣ್ಣಿಗಾಗಲಿ ಏನೂ ಬರಲಿಲ್ಲ. ಪಾಲನ್ನು ಮಾರಬಹುದಾದ್ದರಿಂದ ಅದು ಕ್ರಮೇಣ ಕೆಲವೇ ದೊಡ್ಡ ಸಂಸ್ಥೆಗಳ ಕೈಸೇರಿತು. ಒಡೆಯನು ತನ್ನ ಪಾಲನ್ನು ದೂರದ ಊರಿಗೆ ಮಾರಿಬಿಟ್ಟರೆ, ಹಳ್ಳಿಯ ಮುಂದೆಯೇ ಮೀನು ಈಜುತ್ತಿದ್ದರೂ ಹಿಡಿಯುವ ಹಕ್ಕು ಹಳ್ಳಿಗಿಲ್ಲ. ವಾಯವ್ಯದ ಫ್ಲಾಟೇರಿ ಎಂಬ ಹಳ್ಳಿಯಲ್ಲಿ ೨೦೦೭ರಲ್ಲಿ ಹೀಗೆಯೇ ಆಗಿ, ಊರಿನ ದುಡಿಯುವವರಲ್ಲಿ ಬಹುಮಂದಿಯ ಕೆಲಸ ಹೋಯಿತು. ಅದೇ ವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಇಬ್ಬರು ಬೆಸ್ತರ ದೂರಿನ ಮೇಲೆ, ಈ ಹಂಚಿಕೆಯು ಎಲ್ಲರನ್ನೂ ಸಮನಾಗಿ ಕಂಡಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿತು. ಒಡೆಯರು ಸರಕಾರಕ್ಕೆ ಮೀನಿನ ಕಂದಾಯ ಕೊಡುವ ಪದ್ಧತಿಯು ೨೦೦೪ರಲ್ಲಿ ಆರಂಭವಾಯಿತು. ೨೦೦೯ರಿಂದ ಸಣ್ಣ ದೋಣಿಯವರಿಗೆ ಕೋಟಾ ಇಲ್ಲದೆಯೇ ಬೇಸಗೆಯಲ್ಲಿ ಮಿತವಾಗಿ ಮೀನು ಹಿಡಿಯುವ ಅವಕಾಶವೂ ದೊರೆಯಿತು. ಆದರೂ ಆ ದೇಶದ ಚುನಾವಣೆಗಳಲ್ಲಿ ಮೀನು ಯಾರದ್ದೆಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿರುವುದು. ಮೀನನ್ನು ಉಳಿಸುವುದು ಒಂದು ಕೆಲಸ, ಉಳಿದುದನ್ನು ನ್ಯಾಯವಾಗಿ ಹಂಚುವುದು ಇನ್ನೊಂದು. ಮೊದಲನೆಯದು ಸಾಧಿಸಿತೆಂದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗುವುದಿಲ್ಲ.

ಕಡಲೂ ಒಂದೇ ಸ್ಥಿತಿಯಲ್ಲಿ ನಿಲ್ಲುವುದಲ್ಲ. ನೀರು ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ತಣ್ಣೀರಿನ ಮೀನುಗಳು ಉತ್ತರಕ್ಕೆ ಸರಿಯುತ್ತಿವೆ. ಕಾಡ್ ಮೀನಿನ ಮುಖ್ಯ ಆಹಾರವಾದ ಕ್ಯಾಪೆಲಿನ್ ಎಂಬ ಸಣ್ಣ ಮೀನು ೨೦೧೯ ಮತ್ತು ೨೦೨೦ರಲ್ಲಿ ತೀರ ವಿರಳವಾಗಿ, ಆ ಎರಡು ವರ್ಷವೂ ಅದರ ಬೇಟೆಯನ್ನೇ ನಿಲ್ಲಿಸಿದರು. ಅಳೆಯುವ ಕೆಲಸ ಒಮ್ಮೆ ಮಾಡಿ ಮುಗಿಸತಕ್ಕದ್ದಲ್ಲ. ಅದು ಪ್ರತಿ ವರ್ಷದ ವ್ರತ.

ಈ ವೃತ್ತಾಂತವು ನಮಗೆ ಕೇವಲ ದೂರದ ಕಥೆಯಲ್ಲ. ಐಸ್‌ಲೆಂಡಿನ ಕೊನೆಯ ಜಗಳವು ಮುಗಿದ ೧೯೭೬ರಲ್ಲಿಯೇ ನಮ್ಮ ಭಾರತವೂ ೨೦೦ ನಾಟಿಕಲ್ ಮೈಲಿಯ ಕಡಲಿನ ಮೇಲೆ ಹ��್ಕು ಸ್ಥಾಪಿಸುವ ಕಾಯಿದೆಯನ್ನು ಮಾಡಿತು. ನಮ್ಮ ಪಶ್ಚಿಮ ತೀರದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಂತ್ರದ ದೋಣಿಗಳು ರೇವಿನಲ್ಲಿ ಕಟ್ಟಿರುವುವು. ಮಳೆಗಾಲದಲ್ಲಿ ಕಡಲಿಗಿಳಿಯದೆ ಇದ್ದ ನಮ್ಮ ಹಿರಿಯರ ಪದ್ಧತಿಗೂ ಇದಕ್ಕೂ ಹೊಂದಿಕೆಯುಂಟು. ಆದರೆ ಐಸ್‌ಲೆಂಡಿನ ಅನುಭವವು ತಿಳಿಸುವುದೇನೆಂದರೆ, ದಿನಗಳನ್ನು ಎಣಿಸುವುದರ ಜೊತೆಗೆ ಮೀನನ್ನೂ ಎಣಿಸಬೇಕು. ಬಲೆಯ ಕಣ್ಣನ್ನು ಮರಿ ದಾಟುವಷ್ಟು ಬಿಡಬೇಕು. ಹೊರಗಿನವನನ್ನು ತಡೆದವನು ತನ್ನ ಕೈಯನ್ನೂ ತಡೆದುಕೊಳ್ಳಬೇಕು. ಕೊಳ್ಳುವ ನಾವೂ ಅದರಲ್ಲಿ ಭಾಗಿಗಳು. ಪೇಟೆಯಲ್ಲಿ ಬೆರಳುದ್ದದ ಮರಿಮೀನನ್ನು ಅಗ್ಗವೆಂದು ಚೀಲ ತುಂಬಿಸುವ ಕೈ, ಬರುವ ವರ್ಷದ ಬುಟ್ಟಿಯಿಂದಲೇ ಅದನ್ನು ತೆಗೆಯುತ್ತಿರುವುದು. ಮೊಟ್ಟೆಯಿಡುವ ಕಾಲಕ್ಕೆ ಮೊದಲೇ ಹಿಡಿದ ಮೀನು ಬೀಜದ ಗಡಿಗೆಯಿಂದ ತೆಗೆದ ಕಾಳು. ಅದನ್ನು ಮುಟ್ಟಬಾರದೆಂಬ ಮನೆಯ ಹಳೆಯ ಕಟ್ಟಳೆಯನ್ನು ಕಡಲಿಗೂ ಒಯ್ಯುವುದೇ ಉಳಿದಿರುವ ಕೆಲಸ.